ಮುಂದಿನ ಎಡಚಕ್ರದ ಕಟಕ್

ಗ್ಯಾರೇಜುಗಳ ಸಾಲಿನಲ್ಲಿ ನಮ್ಮ ಮನೆಯವರಿಗೆ ಕಿವಿ ಮೇಷ್ಟ್ರು ಎಂದೇ ಹೆಸರು. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಒಳಗೆ ಸ್ಪ್ಯಾನರ್ ಹಿಡಿದು ಕೂತವರು ತಲೆಯನ್ನೂ ಎತ್ತದೆ, "ಬಾಲ್ ಜಾಯಿಂಟ್ ಹೋಗಿದೆ ಅದರದ್ದು" ಎಂದುಬಿಡುತ್ತಿದ್ದರು. ಗಾಡಿಯವನು ಬಾಯಿ ತೆರೆಯುವ ಮೊದಲೇ ಅವನ ತೊಂದರೆ ಹೇಳಿ, ಅವನು ಕಣ್ಣು ಕಣ್ಣು ಬಿಡುವುದನ್ನು ನೋಡಿದರೆ ಇವರಿಗೆ ಊಟ ಮಾಡಿದಷ್ಟು ತೃಪ್ತಿ. ಊಹೆಯ ಮೇಲೆ ಒಂದೊಂದೇ ಸಾಮಾನು ಬದಲಾಯಿಸುತ್ತ ಹೋಗುವ ಮೆಕ್ಯಾನಿಕ್ಕುಗಳೆಂದರೆ ಆಗದು. "ಅವರೇನು ಮೆಕ್ಯಾನಿಕ್ಕಾ? ಸಾಮಾನು ಬಿಚ್ಚಿ ಸಾಮಾನು ಹಾಕೋರು" ಎಂದು ಮೂಗು ಮುರಿಯುತ್ತಿದ್ದರು.

ಇಂಥವರ ಹೆಂಡತಿಯ ಕಾರೇ ಕಟಕಟ ಎನ್ನುತ್ತ ಊರೆಲ್ಲ ಸುತ್ತುತ್ತಿತ್ತು ಎಂದರೆ ಯಾರಾದರೂ ನಂಬುತ್ತಾರೆಯೇ?

ಕಾರು ಹಳೆಯದು. ನಮ್ಮ ಮಗಳು ಅದರಲ್ಲೇ ಶಾಲೆಗೆ ಹೋಗಿ, ಕಾಲೇಜು ಮುಗಿಸಿ, ಮದುವೆಯಾಗಿ ಗಂಡನ ಮನೆಗೂ ಹೋದಳು. ಕಾರು ಮಾತ್ರ ತವರಲ್ಲೇ ಉಳಿಯಿತು. ನಾನು ಪರದೆ ಹೊಲಿಯುವವಳು. ಹೊಲಿದ ಪರದೆಗಳನ್ನು ಹಿಂದಿನ ಸೀಟಿನಲ್ಲಿ ತುಂಬಿಕೊಂಡು ಹೋಗಿ, ಗಿರಾಕಿಗಳ ಮನೆಯಲ್ಲಿ ತೂಗುಹಾಕಿ ಬರುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಗೇಟಿನಿಂದ ಕಾರನ್ನು ಹಿಂದಕ್ಕೆ ತೆಗೆದು ಸ್ಟೇರಿಂಗ್ ತಿರುಗಿಸಿದೆ. ಮುಂದೆ ಎಡಗಡೆ 'ಕಟಕ್' ಎಂದಿತು. ಬೀದಿಯ ಹಂಪ್ ದಾಟುವಾಗ ಇನ್ನೊಮ್ಮೆ.

ಇವರಿಗೆ ಹೇಳಿದೆ. ಒಂದು ಸುತ್ತು ಓಡಿಸಿಕೊಂಡು ಬಂದು, "ಏನೂ ಇಲ್ವಲ್ಲೇ" ಎಂದರು.

"ಇದೆ ಅಂತೀನಲ್ಲ. ನಾನೇನು ಸುಳ್ಳು ಹೇಳ್ತೀನಾ?"

ನನ್ನ ಕಾಟ ತಾಳಲಾರದೆ ಲಿಂಕ್ ರಾಡ್ ಬದಲಾಯಿಸಿದರು. "ಹೋಯ್ತು ನೋಡು" ಎಂದರು. ಮರುದಿನ ಗೇಟಿನಲ್ಲೇ ಕಟಕ್. ಬುಷ್ ಬದಲಾಯಿಸಿದರು, ಹೋಯ್ತು ಎಂದರು, ಕಟಕ್. ಎರಡೂ ಕಡೆಯ ಶಾಕ್ ಅಬ್ಸಾರ್ಬರ್ ಹೊಸದು ಹಾಕಿ, ಈ ಸಲ ಎದೆಯುಬ್ಬಿಸಿ ಕೀಲಿಕೈ ನನ್ನ ಕೈಗಿಟ್ಟರು. ನಾನು ಗೇಟಿನ ತನಕವೂ ಹೋಗಬೇಕಾಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕಾರಿನ ಸದ್ದಿಗಿಂತ ಇವರು ಪ್ರತಿ ಸಲ ಅಷ್ಟು ಖಡಾಖಂಡಿತವಾಗಿ "ಹೋಯ್ತು" ಎನ್ನುತ್ತಿದ್ದುದೇ ನನ್ನನ್ನು ಹೆಚ್ಚು ಕೆರಳಿಸುತ್ತಿತ್ತು. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾರೋ, ನನಗೇ ತಲೆ ಕೆಟ್ಟಿದೆ ಎಂದುಕೊಂಡಿದ್ದಾರೋ ತಿಳಿಯದೆ ಒದ್ದಾಡಿದೆ.

ಆ ವಾರ ಮಗಳು ಫೋನಿನಲ್ಲಿ ದೂರು ಹೇಳಿದಳು: "ಅಮ್ಮಾ, ಅಪ್ಪಂಗೆ ಏನಾಗಿದೆ? ಊಟ ಆಯ್ತಾ ಅಂದ್ರೂ ಹೂಂ ಅಂತಾರೆ, ಏನ್ ಊಟ ಅಂದ್ರೂ ಹೂಂ ಅಂತಾರೆ!"

ನಾನು ನಕ್ಕೆ. ಅರ್ಧಕ್ಕೇ ನಗು ನಿಂತಿತು. ಹಾಲು ಉಕ್ಕುವಾಗ ಅಡುಗೆಮನೆಯಿಂದ ಕೂಗಿದರೂ ಇವರು ಪೇಪರಿನಿಂದ ತಲೆ ಎತ್ತದಿದ್ದುದು, ಟಿವಿಯ ಸದ್ದಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡಿದ್ದು, ಕರೆಗಂಟೆ ಕೆಟ್ಟಿದೆ ಎಂದು ಇವರೇ ಬಿಚ್ಚಿ ಹರಡಿಕೊಂಡು ಕೂತಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಗಂಡಸರ ಉದಾಸೀನ ಎಂದು ನಾನು ಬೈದುಕೊಂಡು ಸುಮ್ಮನಿದ್ದೆ.

ಮಾರ್ಕೆಟ್ ತಿರುವಿನಲ್ಲಿ ಕಿವಿ ಡಾಕ್ಟರಿದ್ದಾರೆ, ಒಮ್ಮೆ ತೋರಿಸಿ ಎಂದೆ. ಉಗುರಿನ ಎಣ್ಣೆಮಸಿ ತಿಕ್ಕುತ್ತಿದ್ದವರು ನಲ್ಲಿ ನಿಲ್ಲಿಸಿ ನನ್ನನ್ನು ದುರುಗುಟ್ಟಿ ನೋಡಿದರು. "ನನ್ನ ಕಿವಿಗೇನಾಗಿದೆ? ನಿನ್ನ ಕಾರಿಗೆ ನೀನೇ ಡಾಕ್ಟರಾಗು" ಎಂದು ಹೊರಟುಹೋದರು. ಆಮೇಲೆ ಎಷ್ಟು ಸಲ ಹೇಳಿದರೂ ಗೋಡೆಗೆ ಹೇಳಿದ ಹಾಗೆ. ನನ್ನ ಕಾರು ಕಟಕಟ ಎಂದರೆ ಎನ್ನಲಿ. ನಾಳೆ ಯಾರದೋ ಗಾಡಿಯ ಬ್ರೇಕು ಕರಕರ ಎನ್ನುವುದು ಕೇಳಿಸದೆ, ಸರಿಯಿದೆ ಎಂದು ಕೀಲಿಕೈ ಕೊಟ್ಟು ಕಳಿಸಿದರೆ? ಆ ಗಾಡಿಯಲ್ಲಿ ಮಕ್ಕಳಿದ್ದರೆ? ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಇವರನ್ನು ಪಕ್ಕದ ಸೀಟಿಗೆ ಬಲವಂತವಾಗಿ ಕೂರಿಸಿ ನಾನೇ ಓಡಿಸಿದೆ. ಗೋದಾಮುಗಳ ಹಿಂದಿನ ಗಲ್ಲಿಯಲ್ಲಿ ಜನರಿರಲಿಲ್ಲ. ಹಂಪ್ ಹತ್ತಿಸಿದೆ. ಕಟಕ್.

"ಬಂತಾ?"

"ಇಲ್ಲ."

ಸ್ಟೇರಿಂಗ್ ಪೂರ್ತಿ ತಿರುಗಿಸಿದೆ. ಕಟಕ್, ಕಟಕ್.

"ಈಗ?"

"ಇಲ್ವೇ ಮಾರಾಯ್ತಿ! ಸದ್ದೇ ಇಲ್ಲ. ಎಲ್ಲಾ ನಿನ್ನ ಭ್ರಮೆ."

ಕಾರು ನಿಲ್ಲಿಸಿ ಇಂಜಿನ್ ಆರಿಸಿದೆ. ಅದುಮಿಟ್ಟುಕೊಂಡದ್ದೆಲ್ಲ ಬಾಯಿಗೆ ಬಂತು. "ಸದ್ದು ಇಲ್ಲ ಅನ್ನಬೇಡಿ. ನಿಮಗೆ ಕೇಳಿಸ್ತಿಲ್ಲ ಅನ್ನಿ. ಕೇಳಿಸದೇ ಇರೋದಕ್ಕೆ ನನ್ನ ಕಾರಿನ ಮುಂಭಾಗ ಪೂರ್ತಿ ಬದಲಾಯಿಸಿದ್ದೀರಿ. ಸಾಮಾನು ಬಿಚ್ಚಿ ಸಾಮಾನು ಹಾಕೋರು ಅಂತ ಯಾರನ್ನ ಬೈತಿದ್ರಿ ನೀವು?"

ಆ ಮಾತು ಆಡಬಾರದಿತ್ತು. ಇವರ ಮುಖ ಕಪ್ಪಿಟ್ಟಿತು. ಬಾಗಿಲು ತೆರೆದು ಇಳಿದರು. ಬಿಟ್ಟು ನಡೆದೇ ಹೋಗುತ್ತಾರೆ ಎಂದುಕೊಂಡೆ. ಅವರು ಬಾನೆಟ್ ಎತ್ತಿ ನಿಲ್ಲಿಸಿ, ಎಡಗಡೆ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕಾರಿನ ಮೈಗೆ ಸೇರುವ ಜಾಗದ ಮೇಲೆ ಅಂಗೈ ಊರಿದರು. ಕೈಯಿಟ್ಟು ನೋಡುವುದು ಹೊಸದಾಗಿ ಕೆಲಸ ಕಲಿಯುವವರ ಪಾಡು ಎಂದು ನಗುತ್ತಿದ್ದವರು ಇವರೇ.

"ತಿರುಗಿಸು. ನಿಧಾನ."

ಇಂಜಿನ್ ಹಚ್ಚಿ ತಿರುಗಿಸಿದೆ. ಕಟಕ್.

"ಇನ್ನೊಂದ್ಸಲ."

ಕಟಕ್. ಇವರು ಕೈ ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ನನ್ನ ಕಿಟಕಿಗೆ ಬಂದು ಬಗ್ಗಿದರು.

"ಕೈಗೆ ಹೊಡೀತು. ಮೇಲಿನ ಬೇರಿಂಗ್ ಭಾರಕ್ಕೆ ಹಿಡ್ಕೊಳ್ತಿದೆ, ಸ್ಪ್ರಿಂಗ್ ಸಲೀಸಾಗಿ ತಿರುಗದೆ ಎಗರುತ್ತೆ. ಶಾಕ್ ಬದಲಾಯಿಸುವಾಗ ಅದನ್ನ ಕೈಯಲ್ಲಿ ತಿರುಗಿಸಿ, ಕಿವಿ ಹತ್ರ ಹಿಡಿದು ನೋಡಿದ್ದೆ. ಸದ್ದಿಲ್ಲ, ಚೆನ್ನಾಗಿದೆ ಅಂತ ಹಳೇದನ್ನೇ ಹಾಕಿದ್ದೆ." ಅಂಗೈಯನ್ನೇ ನೋಡಿಕೊಳ್ಳುತ್ತ, "ಗ್ಯಾರೇಜ್ ಸಾಲಿನೋರಿಗೆ ಗೊತ್ತಾದ್ರೆ ಯಾರು ಬರ್ತಾರೆ ನನ್ನ ಹತ್ರ?" ಎಂದರು.

ನನಗೆ ಅಳು ಬಂತು, ಸಿಟ್ಟೂ ಬಂತು. ಯಾವುದನ್ನೂ ತೋರಿಸದೆ ಬಾನೆಟ್ ಮುಚ್ಚಿ ಬನ್ನಿ ಎಂದೆ.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಬೇರಿಂಗ್ ಬದಲಾಗಿತ್ತು. ಇಬ್ಬರೂ ಮತ್ತೆ ಹೊರಟೆವು. ಗೇಟು, ಹಂಪ್, ಗೋದಾಮಿನ ಗಲ್ಲಿ, ಎಲ್ಲೂ ಚಕಾರವಿಲ್ಲ. ಆದರೆ ಇವರು ಈ ಸಲ "ಹೋಯ್ತು ನೋಡು" ಎನ್ನಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತ, "ಹೋಯ್ತಾ?" ಎಂದು ಕೇಳಿದರು. ಒಂದು ಸದ್ದಿನ ಬಗ್ಗೆ ಇವರು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಹೋಯ್ತು" ಎಂದೆ.

ಮಾರ್ಕೆಟ್ ತಿರುವು ಹತ್ತಿರ ಬಂತು. ನಾನು ಬಲಗಡೆಯ ಇಂಡಿಕೇಟರ್ ಹಾಕಿದೆ. ಅದು ಟಿಕ್ ಟಿಕ್ ಎನ್ನತೊಡಗಿತು. ನಮ್ಮ ಮನೆಗೆ ನೇರ ಹೋಗಬೇಕು, ಅದು ಇವರಿಗೂ ಗೊತ್ತು.

"ಇದು ಕೇಳಿಸುತ್ತಾ?" ಎಂದೆ.

ಇವರು ಕಿವಿಗೊಟ್ಟರು. ಡ್ಯಾಶ್‌ಬೋರ್ಡಿನಲ್ಲಿ ಮಿನುಗುತ್ತಿದ್ದ ಹಸಿರು ಬಾಣವನ್ನು ಸ್ವಲ್ಪ ಹೊತ್ತು ನೋಡಿದರು.

"ಇಲ್ಲ" ಎಂದರು.

ಎದುರಿನ ಲಾರಿ ದಾಟಿದ ಮೇಲೆ ನಾನು ಬಲಕ್ಕೆ ತಿರುಗಿಸಿದೆ. ಇವರು ಬೇಡ ಎನ್ನಲಿಲ್ಲ.