ಕುಡಿಯದ ಶೆಟ್ಟರ ಲಿವರ್

ವಡೋದರದ ಮಕರಪುರದಲ್ಲಿ ಉಡುಪಿ ಹೋಟೆಲ್ ನಡೆಸುವ ಗುರುಕಿರಣ ಶೆಟ್ಟರು ಹೆಂಡ ಮುಟ್ಟಿದವರಲ್ಲ. ಹಾಗಾಗಿ ಲಿವರಿನಲ್ಲಿ ಕೊಬ್ಬು ತುಂಬಿದೆ ಎಂದು ಡಾಕ್ಟರು ಹೇಳಿದಾಗ ಅವರಿಗೆ ಕಾಯಿಲೆಗಿಂತ ಮಾನದ ಚಿಂತೆ ಹೆಚ್ಚಾಯಿತು.

"ಕುಡಿತ ನಿಷೇಧ ಇರುವ ರಾಜ್ಯದಲ್ಲಿದ್ದು ಕುಡುಕರ ಕಾಯಿಲೆ ಬಂತಲ್ಲ ಮಾರಾಯ್ತಿ. ಊರಲ್ಲಿ ಎಂತ ಹೇಳುವುದು?" ಎಂದು ಹೆಂಡತಿ ಮೇದಿನಿಯ ಬಳಿ ಗೋಳಾಡಿದರು.

"ಹೆಂಡದ ಸುದ್ದಿ ಯಾರು ತೆಗೆದ್ರು? ಹೊಟ್ಟೆಯ ಬೊಜ್ಜು, ಶುಗರು, ಲಿವರಿನ ಕೊಬ್ಬು ಒಂದಕ್ಕೊಂದು ನೆಂಟರಂತೆ. ನಿಮ್ಮ ರುಚಿ ನೋಡುವ ಚಟ ಬಿಡಿ."

ಇಲ್ಲಿನ ಗಿರಾಕಿಗಳಿಗೆ ಸಾಂಬಾರು ಸಿಹಿಯಾಗಿರಬೇಕು. ಪ್ರತಿ ಹಂಡೆಯ ಬೆಲ್ಲವನ್ನು ಶೆಟ್ಟರೇ ಪರೀಕ್ಷಿಸುತ್ತಿದ್ದರು, ಎರಡೆರಡು ಇಡ್ಲಿ ಅದ್ದಿ. ಅದನ್ನು ಅವರು ತಿಂಡಿಯೆಂದು ಎಂದೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮರುದಿನದಿಂದ ಮೇದಿನಿಯೇ ಚಮಚದಲ್ಲಿ ರುಚಿ ನೋಡತೊಡಗಿದರು. ಒಬ್ಬ ಗಿರಾಕಿಗೂ ವ್ಯತ್ಯಾಸ ತಿಳಿಯಲಿಲ್ಲ. ಶೆಟ್ಟರ ಹೊಟ್ಟೆ ಈಗ ಇಳಿಯುತ್ತಿದೆ. ಗಿರಾಕಿಗಳ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.