ಹಳೇ ಗೋವಾದ ಮೇಣದ ಕೈ

ಇದು ಕಟ್ಟಿದ ಕಥೆಯಲ್ಲ. ಬೇಕಾದರೆ ಐಮಂಗಲಕ್ಕೆ ಬಂದು ನಮ್ಮಣ್ಣ ತಿಪ್ಪೇಶನನ್ನೇ ಕೇಳಿ. ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಸುಮ್ಮನೆ ಕತ್ತರಿ ಮಸೆಯುತ್ತಾ ಕೂರುತ್ತಾನೆ.

ಅಣ್ಣನದು ಕುರಿಯ ಉಣ್ಣೆ ಕತ್ತರಿಸುವ ಕೆಲಸ. ಹೋದ ವರ್ಷ ಅವನ ಬಲಗೈ ಮರಗಟ್ಟಿತು. ಬೆರಳು ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಏನೂ ಕಾಣುತ್ತಿಲ್ಲ ಅಂದರು. ಆ ಕೈ ಹೋದರೆ ಅವನಿಗೆ ಬೇರೆ ಕೆಲಸ ಬರುವುದಿಲ್ಲ.

ಗೋವಾಗೆ ಈರುಳ್ಳಿ ಸಾಗಿಸುವ ನಮ್ಮೂರ ಡ್ರೈವರ್ ಹೇಳಿದ, ಹಳೇ ಗೋವಾದ ಚರ್ಚಿನಲ್ಲಿ ಕಾಯಿಲೆ ವಾಸಿಯಾಗಲಿ ಅಂತ ಮೇಣದ ಕೈಕಾಲು ಒಪ್ಪಿಸುತ್ತಾರಂತೆ. ನಾವು ಗ್ರಾಮದೇವತೆ ಅಮ್ಮನಿಗೆ ಬೆಳ್ಳಿ ಕಣ್ಣು ಒಪ್ಪಿಸಿದ ಹಾಗೆ. ಅವನ ಲಾರಿಯಲ್ಲೇ ಹೋದೆವು.

ಹಳೇ ಗೋವಾ ಹಿಂದೆ ಪೋರ್ಚುಗೀಸರ ರಾಜಧಾನಿ. ರೋಗ ಬಂದು ಜನ ಬಿಟ್ಟುಹೋದರಂತೆ. ದೊಡ್ಡ ದೊಡ್ಡ ಚರ್ಚುಗಳು ಉಳಿದಿವೆ... ಸುತ್ತ ಊರೇ ಇಲ್ಲ. ನಾವು ಮುಟ್ಟುವಾಗ ಕತ್ತಲಾಗಿತ್ತು.

ಚರ್ಚಿನ ಮುಂದೆ ಮೇಣದ ಕೈಕಾಲು ಮಾರುವವಳು ವಿಜಯಪುರದ ಕಡೆಯವಳು.

"ಯಾ ಕೈರೀ ಅಣ್ಣಾರ, ಎಡಗೈಯೋ ಬಲಗೈಯೋ?"

"ಬಲಗೈ ಕೊಡವ್ವ," ಅಂದೆ.

ಅಣ್ಣ ನಕ್ಕ. "ಲೇ, ಇದ್ಕಿಂತ ನನ್ ಕೈನೇ ಮೇಣದಂಗೈತಲ್ಲೋ."

"ಒಳಗ ಇಟ್ಟು ಕೈ ಮುಗದು ಬರ್ರಿ, ಅಷ್ಟ," ಅಂದಳು.

ಅಷ್ಟೇ ಮಾಡಿದ್ದರೆ ಆಗುತ್ತಿತ್ತು. ನಮ್ಮ ಪದ್ಧತಿ ಬಿಡಬೇಕಲ್ಲ. ಪ್ರಾರ್ಥನೆ ಮುಗಿದು ಬೆಂಚುಗಳೆಲ್ಲ ಖಾಲಿ. ಮೇಣದ ಕೈಯನ್ನು ಅಣ್ಣನ ಕೈಗೆ ಮೂರು ಸಲ ನಿವಾಳಿಸಿ ಮೇಜಿನ ಮೇಲಿಟ್ಟೆ. ನಿವಾಳಿಸಿದ್ದನ್ನು ತಿರುಗಿ ನೋಡಬಾರದು, ಮತ್ತೆ ಮುಟ್ಟಬಾರದು. ನಮ್ಮಲ್ಲಿ ಮಕ್ಕಳಿಗೂ ಗೊತ್ತು.

"ತಿರುಗ್‌ಬ್ಯಾಡ, ನಡಿ," ಅಣ್ಣ ಪಿಸುಗುಟ್ಟಿದ.

ಅವನು ಬಾಗಿಲು ದಾಟಿದ. ನನ್ನ ಹಿಂದೆ... ಟಪ್.

ನಿಂತೆ. ಒಪ್ಪಿಸಿದ್ದು ನೆಲಕ್ಕೆ ಬಿದ್ದರೆ ಹರಕೆ ಸಲ್ಲುತ್ತದಾ? ಅವರ ದೇವರ ರೀತಿ ನನಗೇನು ಗೊತ್ತು... ಅಣ್ಣನ ಕೈ ಹಾಗೇ ಉಳಿದುಬಿಟ್ಟರೆ?

ತಿರುಗಿದೆ. ಎತ್ತಿಕೊಂಡೆ.

ಬೆಚ್ಚಗಿತ್ತು. ಮೇಣದ ವಾಸನೆಯ ನಡುವೆ ಒದ್ದೆ ಉಣ್ಣೆಯ ವಾಸನೆ. ಕೊಳ್ಳುವಾಗ ಅದರ ಬೆರಳು ನೆಟ್ಟಗಿದ್ದವು. ಈಗ ಮಡಚಿದ್ದವು... ನನ್ನ ತೋರುಬೆರಳು ಅದರ ಹಿಡಿಯೊಳಗಿತ್ತು. ಎಳೆದು ಬಿಡಿಸಿಕೊಳ್ಳಬೇಕಾಯಿತು.

ಹೆದರಿಕೆ ಆಗಲಿಲ್ಲ. ಏನೂ ಆಗಲಿಲ್ಲ, ಅದೇ ವಿಚಿತ್ರ. ಮೇಜಿನ ಮೇಲೆ ಇಟ್ಟು ಹೊರಗೆ ಬಂದೆ.

ಬೀದಿದೀಪದ ಕೆಳಗೆ ಅಣ್ಣ ಅಳುತ್ತಾ ಮುಷ್ಟಿ ತೆರೆದು ಮುಚ್ಚಿ ಮಾಡುತ್ತಿದ್ದ.

"ನೋಡಲೇ ತಮ್ಮಾ... ಬೆರಳು ಬಿಚ್ಕಂಡ್ವು! ಒಳಗೇನೋ ಬಿತ್ತಲ್ಲ, ನೀನು ತಿರುಗ್ಲಿಲ್ಲ ತಾನೆ?"

"ಇಲ್ಲಣ್ಣ."

ವಾಪಸು ಬರುವಾಗ ಚಿತ್ರದುರ್ಗದ ಹತ್ತಿರ ಲಾರಿ ನಿಲ್ಲಿಸಿ ಚಹಾ ಕುಡಿದೆವು. ಹೊಗೆಯಾಡುವ ಲೋಟ ಹಿಡಿದೆ. ತೋರುಬೆರಳಿಗೆ ಸುಡಲಿಲ್ಲ. ಅಣ್ಣ ನನ್ನ ಬೆರಳನ್ನೇ ನೋಡಿದ. ಲೋಟವನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟ.

ಈಗ ಇಡೀ ಬಲಗೈ ಹಾಗಾಗಿದೆ. ಡಾಕ್ಟರು ಏನೂ ಕಾಣುತ್ತಿಲ್ಲ ಅನ್ನುತ್ತಾರೆ. ಮಲಗಿದಾಗ ಕೈಯಿಂದ ಮೇಣದ ವಾಸನೆ ಬರುತ್ತದೆ. ಇದನ್ನೆಲ್ಲ ಫೋನಿನಲ್ಲಿ ಎಡಗೈಯಿಂದ ಒಂದೊಂದೇ ಅಕ್ಷರ ಒತ್ತಿ ಬರೆದಿದ್ದೇನೆ.

ಅಣ್ಣ ದಿನಾ ಕರೆಯುತ್ತಾನೆ. "ಹೋಗಾಣ ನಡಿಯಲೇ. ಈ ಸಲ ನಿಂಗೆ ನಾನು ನಿವಾಳಿಸ್ತೀನಿ."

ನಾನು ಒಪ್ಪಿಲ್ಲ. ಅಲ್ಲಿ ಮತ್ತೆ ಟಪ್ ಅಂದರೆ ಅವನು ತಿರುಗುತ್ತಾನೆ. ನನಗೆ ಗೊತ್ತು... ಅವನು ನಮ್ಮಣ್ಣ.