ಅಳು ಮೊದಲೋ, ದುಃಖ ಮೊದಲೋ

ಅವ್ವ ತೀರಿಕೊಂಡ ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ಎರಡು ಬಸ್ಸು ಬದಲಿಸಿ ಸಂತೆಬಾಚಹಳ್ಳಿ ಹತ್ತಿರದ ನಮ್ಮೂರು ತಲುಪಿದೆ. ಅವ್ವನನ್ನು ಜಗುಲಿಯ ಮೇಲೆ ಮಲಗಿಸಿದ್ದರು. ಕೊನೆಯವರೆಗೂ ಅವಳನ್ನು ನೋಡಿಕೊಂಡಿದ್ದ ತಂಗಿ ಓಡಿಬಂದು ನನ್ನ ತೋಳು ಹಿಡಿದಳು. ನಾನು ಕೇಳಿದೆ: “ಎಷ್ಟು ಗಂಟೆಗೆ? ಮೊದ್ಲು ನೋಡಿದೋರ್ಯಾರು?”

ನಾನು ಪತ್ರಿಕೆಯ ವರದಿಗಾರ. ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ಎಲ್ಲಿ ಸಾವಾದರೂ ಇಪ್ಪತ್ತೆರಡು ವರ್ಷದಿಂದ ಕೇಳುತ್ತ ಬಂದಿದ್ದು ಈ ಎರಡೇ ಪ್ರಶ್ನೆ. ಬಾಯಿಗೆ ಅವೇ ಬಂದವು.

ತಂಗಿ ತೋಳು ಬಿಟ್ಟಳು. “ಪೇಪರ್‌ಗೆ ಬರ್ಕಳಕ್ಕೆ ಬಂದ್ಯಾ? ಸತ್ತಿರಾದು ಅವ್ವ ಕಣಣ್ಣಾ!”

ಆಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಮಣ್ಣು ಮಾಡುವಾಗಲೂ ನನಗೆ ಅಳು ಬರಲಿಲ್ಲ. ಅವ್ವನ ಮೇಲೆ ನನಗೆ ಅಕ್ಕರೆಯೇ ಇರಲಿಲ್ಲವೆಂದು ಅವಳು ತೀರ್ಮಾನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಅಲ್ಲ ಎನ್ನಲು ನನ್ನ ಬಳಿ ಪುರಾವೆ ಇರಲಿಲ್ಲ.

ಭಾವನೆಗಳು ಹುಟ್ಟುವ ಬಗೆಯ ಕುರಿತ ಲೇಖನವೊಂದನ್ನು ಹಿಂದೆ ಭಾನುವಾರದ ಪುರವಣಿಗೆ ತಿದ್ದಿಕೊಟ್ಟಿದ್ದೆ. ಒಂದು ವಾದದಲ್ಲಿ ಮೈ ಮೊದಲು, ಮನಸ್ಸು ಆಮೇಲೆ: ಅಳುವುದರಿಂದಲೇ ದುಃಖವಾಗುತ್ತದೆ. ಇನ್ನೊಂದರಲ್ಲಿ ಮೈ ಸುಮ್ಮನೆ ನಡುಗುತ್ತದೆ, ಬೆವರುತ್ತದೆ. ಅದು ಭಯವೋ ಸಂಕಟವೋ ಎಂದು ಸುತ್ತಲಿನದನ್ನು ನೋಡಿ ನಾವೇ ಹೆಸರಿಡುತ್ತೇವೆ. ನಮ್ಮ ನೆಂಟರ ಹೆಂಗಸರು ಮೊದಲನೆಯ ವಾದದವರು. ಬಸ್ಸಿಳಿದು ಊರ ಹಾಲಿನ ಡೇರಿಯವರೆಗೂ ಸೊಸೆಯಂದಿರ ದೂರು ಹೇಳಿಕೊಂಡು ಬರುತ್ತಾರೆ. ಸಾವಿನ ಮನೆ ಕಂಡೊಡನೆ ದನಿ ತೆಗೆಯುತ್ತಾರೆ. ಹೊಸ್ತಿಲಿಗೆ ಬರುವಷ್ಟರಲ್ಲಿ ಕಣ್ಣೀರು ನಿಜದ್ದೇ ಆಗಿರುತ್ತದೆ.

ಮೂರನೆಯ ದಿನ ಅವ್ವನನ್ನು ಹೂತ ಗುಡ್ಡೆಗೆ ಹಾಲು-ತುಪ್ಪ ಬಿಡಲು ಹೋದಾಗ ಚಿಕ್ಕವ್ವ ಎಲ್ಲರೆದುರು ಗದರಿದಳು: “ಮೊದ್ಲು ಬಾಯ್ ತಗಿಲಾ. ಅಳು ತಾನಾಗೇ ಬತ್ತದೆ. ಕಂಬ ನಿಂತಂಗೆ ನಿಂತವ್ನೆ!”

“ಅವ್ವಾ” ಎಂದೆ. ಕೆಮ್ಮು ಬಂತು. ಹಿಂದೆ ಯಾರೋ ನಕ್ಕರು. ಚೊಂಬು ಬಗ್ಗಿಸಿದರೆ ಹಾಲು ನನ್ನ ಪಾದದ ಮೇಲೇ ಚೆಲ್ಲಿತು.

ತಂಗಿ ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದಳು. “ಕೈ ನಡುಗ್ತಾ ಅದಲ್ಲಣ್ಣ.”

“ನಿದ್ದೆ ಇಲ್ಲ ಕಣವ್ವ, ಅದ್ಕೆ.”

“ಸುಮ್ಕಿರು. ಸಂಕ್ಟ ಕಣಣ್ಣ ಅದು. ನಿಂಗೆ ಬಾಯ್ಗ್ ಬರ್ದೆ ಕೈಗ್ ಬಂದದೆ.”

ದಣಿವೇ ಇದ್ದಿರಬಹುದು. ಮೂರು ದಿನದಿಂದ ಕೂತಲ್ಲೇ ತೂಕಡಿಸಿದ್ದೆ. ಆದರೂ ಅವಳಿಟ್ಟ ಹೆಸರನ್ನು ತಿದ್ದಲು ಹೋಗಲಿಲ್ಲ. ಅವಳು ಕೈ ಬಿಡಲಿಲ್ಲ. ಚೊಂಬಿನಲ್ಲಿ ಉಳಿದಿದ್ದ ಹಾಲನ್ನು ಇಬ್ಬರೂ ಸೇರಿ ಗುಡ್ಡೆಗೆ ಬಿಟ್ಟೆವು.